ಅಮ್ಮ ನಿಮ್ಮ ಹೆಸರು ಹೇಳಿದ ದಿನ

ಪ್ರೀತಿಯ ಪಪ್ಪಾ,

‘ಪ್ರೀತಿಯ’ ಎಂದದ್ದು ಅಭ್ಯಾಸಬಲ. ಹೊಡೆದುಹಾಕಲು ಮನಸ್ಸು ಬರಲಿಲ್ಲ, ಇರಲಿ.

ಮೇ ತಿಂಗಳ ರಜೆಗೆ ದುಬೈಯಿಂದ ಬರುವಾಗ ನಾವಿಬ್ಬರೂ ಓದುತ್ತಿದ್ದ ಜಪಾನಿ ಚಿತ್ರಕಥೆಯ, ಆ ನಮ್ಮ ಮಂಗಾದ, ಕೊನೆಯ ಭಾಗ ತರುತ್ತೇನೆ ಎಂದಿದ್ದಿರಲ್ಲ, ತರಬೇಡಿ. ನನ್ನ ಪಾಲಿಗೆ ಆ ಕಥೆ ಪಡುಬಿದ್ರಿಯ ಮದುವೆ ಹಾಲ್‌ನಲ್ಲೇ ಮುಗಿಯಿತು.

ಕಳೆದ ಭಾನುವಾರ ಅಲ್ಲಿ ಅಮ್ಮನ ಗೆಳತಿಯ ಮಗಳ ಮದುವೆ. ಊಟದ ಹೊತ್ತಿಗೆ ಯಾರೋ "ಯಜಮಾನ್ರು ಯಾವಾಗ ಬರುವುದು?" ಎಂದು ಕೇಳಿದರು. ನಾನು ಐಸ್‌ಕ್ರೀಮ್ ಹಿಡಿದು ಅಮ್ಮನ ಬೆನ್ನ ಹಿಂದೆ ನಿಂತಿದ್ದೆ, ಅವಳು ನೋಡಿರಲಿಲ್ಲ. "ಸುಕೇಶ್ ಮೇಯಲ್ಲಿ ಬರ್ತಾನೆ. ತನ್ವಿಯ ಪರೀಕ್ಷೆ ಮುಗಿದ ಮೇಲೆ ಈ ವೇಷ ಸಾಕು ಅಂತ ಇಬ್ಬರೂ ಮಾತಾಡಿದ್ದುಂಟು," ಎಂದಳು.

ಸುಕೇಶ್. ನಿಮ್ಮ ಹೆಸರನ್ನು ಅಮ್ಮನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೂ ಮೊಣಕೈಯಿಂದ ತಿವಿದು ನನ್ನಿಂದ ಹೇಳಿಸುತ್ತಿದ್ದವಳು ಅವಳು. ಹೆಂಡತಿ ಗಂಡನ ಹೆಸರು ಹೇಳಬಾರದೆಂದು ಅಜ್ಜಿ ಕಲಿಸಿದ್ದಂತೆ. ಅಂಥವಳ ಬಾಯಿಗೆ ಅಷ್ಟು ಸಲೀಸಾಗಿ ಬಂತೆಂದರೆ ನೀವು ಅವಳ ಗಂಡ ಅಲ್ಲ ಎಂದೇ ಅರ್ಥ. ಬಸ್ಸಿನಲ್ಲಿ ಕೇಳಿದೆ. ಕಾಪು ಬರುವಷ್ಟರಲ್ಲಿ ಎಲ್ಲ ಹೇಳಿದಳು. ನಾನು ಆರನೇ ಕ್ಲಾಸಿನಲ್ಲಿರುವಾಗಲೇ ನಿಮಗೆ ವಿಚ್ಛೇದನ ಆಗಿತ್ತು. ವರ್ಷವರ್ಷದ ಈ ರಜೆಯ ಸಂಸಾರ ನನ್ನ ಸಲುವಾಗಿಯಂತೆ.

ಅಜ್ಜಿಗೆ ಗೊತ್ತಿತ್ತು. ಕಾರ್ಕಳದ ಯಶ್ಮಿತಾ ಅತ್ತೆಗೆ ಗೊತ್ತಿತ್ತು. ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿಗೂ ಗೊತ್ತಿತ್ತು ಮಾರಾಯ್ರೇ.

ಮಂಗಾವನ್ನು ಹಿಂದಿನಿಂದ ಓದಬೇಕೆಂದು ಕಲಿಸಿದ್ದು ನೀವು. ಕಾಪು ಲೈಟ್‌ಹೌಸಿನ ಬಂಡೆಯ ಮೇಲೆ ಕೂತು ಓದುತ್ತಿದ್ದೆವು: ಗಂಡನ ವೇಷದ ಕಳ್ಳ, ಹೆಂಡತಿಯ ವೇಷದ ಪೊಲೀಸು, ಇಬ್ಬರ ಗುಟ್ಟೂ ಗೊತ್ತಿದ್ದು ಬಾಯಿಬಿಡದ ಪುಟ್ಟ ಹುಡುಗಿ. ಕಳ್ಳ ಸೋಫಾದಲ್ಲಿ ಮಲಗುವ ಚಿತ್ರಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವತ್ತು ರಾತ್ರಿಯೂ ನೀವು ಬೆನ್ನುನೋವೆಂದು ಮನೆಯ ಹಾಲ್‌ನಲ್ಲಿ ಚಾಪೆ ಹಾಸಿಕೊಂಡಿರಿ. ದಿಂಬು ತಂದುಕೊಟ್ಟವಳು ನಾನೇ. ಈಗ ನಮ್ಮ ವರ್ಷಗಳನ್ನೂ ಹಿಂದಿನಿಂದ ಓದುತ್ತಿದ್ದೇನೆ, ಎಲ್ಲಿ ನೋಡಿದರೂ ಆ ಚಾಪೆ ಕಾಣುತ್ತದೆ.

ಬೇರೆಯಾದಿರೆಂದು ಸಿಟ್ಟಿಲ್ಲ. ನಿಮ್ಮ ಕಷ್ಟ ನಿಮಗೆ. ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಥೆ ಓದಿಸಿ ನಗಿಸಿದಿರಲ್ಲ, ಅದು ಮೋಸ. ಯಾರು ಇಷ್ಟ ಎಂದು ಕೇಳಿದ್ದಿರಿ. ಆ ಹುಡುಗಿ ಎಂದೆ. "ನೀನೂ ಹಾಗೇ, ನಿನಗೆ ಎಲ್ಲ ಗೊತ್ತಾಗ್ತದೆ ಅಲ್ವಾ," ಎಂದು ತಲೆ ಸವರಿದಿರಿ. ಹೊಗಳಿದಿರಿ ಎಂದುಕೊಂಡೆ. ಊರಿಗೆಲ್ಲ ಗೊತ್ತಿದ್ದು, ಏನೂ ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ.

ಉಡುಪಿಯ ಅಷ್ಟಮಿಗೆ ವೇಷ ಹಾಕಿದವರೂ ಹಬ್ಬ ಮುಗಿದರೆ ಬಣ್ಣ ತೊಳೆಯುತ್ತಾರೆ. ನೀವೂ ತೊಳೆಯಿರಿ. ಈ ಸಲ ನಮ್ಮ ಮನೆಗೆ ಬರಬೇಡಿ, ಅತ್ತೆಯ ಮನೆಯಲ್ಲಿ ಇಳಿದುಕೊಳ್ಳಿ. ಒಂದು ದಿನ ಮಣಿಪಾಲಕ್ಕೆ ಬನ್ನಿ, ನಾನೂ ಬರುತ್ತೇನೆ, ಒಟ್ಟಿಗೆ ಚಹಾ ಕುಡಿಯುವ. ಅಮ್ಮನ ಗಂಡನಾದದ್ದು ನಟನೆ, ಸರಿ. ನನ್ನ ಅಪ್ಪನಾದದ್ದು? ಅಲ್ಲಿ ಕೇಳುತ್ತೇನೆ, ಆಗ ಸುಳ್ಳು ಹೇಳಬೇಡಿ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಆ ಬೆನ್ನುನೋವಾದರೂ ಸುಳ್ಳೇ ಆಗಿರಲಿ.

ವೇಷವಿಲ್ಲದೆ,
ನಿಮ್ಮ ಮಗಳು
ತನ್ವಿ