ಅಪ್ಪನ ಅಮಲು

ಕಲಬುರಗಿ
21 ಜನವರಿ 2025

ಪ್ರೀತಿಯ ಅವ್ವಾ,

ಚಿತ್ತಾಪುರದಲ್ಲಿ ನೀನೂ ಅಜ್ಜಿಯೂ ಆರಾಮ ಇದ್ದೀರೆಂದು ನಂಬಿದ್ದೇನೆ. ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ನೀನು ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ.

ಹೋದ ತಿಂಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಮಿದುಳಿನ ನರಕೋಶ ನೋಡಿದೆ. ಸೂಕ್ಷ್ಮದರ್ಶಕದ ಕೆಳಗೆ ಅದು ತೊಗರಿ ಗಿಡದಂತೆ ಕಂಡಿತು: ಟೊಂಗೆಗೆ ಟೊಂಗೆ, ಟೊಂಗೆಯ ಮೈತುಂಬ ಸಣ್ಣ ಮೊಗ್ಗು. ಆ ಮೊಗ್ಗುಗಳಿಂದಲೇ ಒಂದು ಕೋಶ ಇನ್ನೊಂದರ ಮಾತು ಕೇಳುತ್ತದಂತೆ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಆಮೇಲೆ ನಮ್ಮ ಲತೀಫಾ ಮೇಡಂ ಇನ್ನೊಂದು ಗಾಜಿನ ಪಟ್ಟಿ ಇಟ್ಟರು. ಅದರಲ್ಲಿ ಟೊಂಗೆಗಳು ಮೊಟಕು, ಮೊಗ್ಗು ಅಲ್ಲೊಂದು ಇಲ್ಲೊಂದು.

“ಇದು ದಿನಾ ಬಣ್ಣಕ್ಕ ಹಾಕೋ ಥಿನ್ನರ್ ಹವಾ ಕುಡದ ಇಲಿದು,” ಎಂದರು.

“ಮನಷ್ಯಾರಿಗೂ ಹಿಂಗ ಆಗ್ತದೇನ್ರಿ?”

“ವರ್ಷಗಟ್ಲೆ ಕುಡದ್ರ ಆಗಬಹುದು. ಯಾಕ ಕೇಳಾಕತ್ತಿ?”

ನನಗೆ ಅಪ್ಪ ನೆನಪಾದ. ಶಹಾಬಾದಿನ ಶೆಡ್ಡಿನಲ್ಲಿ ಹದಿನೆಂಟು ವರ್ಷ ಅಪ್ಪ ಕಬ್ಬಿಣದ ಟ್ಯಾಂಕಿನೊಳಗಿಳಿದು ಬಣ್ಣ ಹೊಡೆದವನು. ಸಂಜೆ ತೂರಾಡುತ್ತ ಬರುತ್ತಿದ್ದ, ಹೇಳಿದ್ದು ಮರೆಯುತ್ತಿದ್ದ, ಸುಮ್ಮಸುಮ್ಮನೆ ರೇಗುತ್ತಿದ್ದ. ಕುಡಿಯುತ್ತಾನೆಂದು ನಂಬಿ ಆರು ವರ್ಷದ ಹಿಂದೆ ನೀನು ನನ್ನನ್ನು ಕರೆದುಕೊಂಡು ತವರಿಗೆ ಹೋದೆ.

ಕಳೆದ ವಾರ ಅವನನ್ನು ನರರೋಗದ ಡಾಕ್ಟರ ಹತ್ತಿರ ಕರೆದೊಯ್ದೆ.

“ದಾರೂ ಕುಡಿತಿದ್ರೇನು ದೇವಿಂದ್ರಪ್ಪ?” ಎಂದು ಡಾಕ್ಟರು ಕೇಳಿದರು.

“ಇಲ್ರಿ ಸಾಹೇಬ್ರ, ಒಂದ್ ಹನಿ ಮುಟ್ಟಿಲ್ಲ. ಟ್ಯಾಂಕಿನಿಂದ ಮ್ಯಾಲ ಬಂದ್ರ ತಾನೇ ನಶಾ ಏರಿದಂಗ ಆಗ್ತಿತ್ತು.”

“ಮನ್ಯಾಗ ಹೇಳಲಿಲ್ಲೇನು?”

“ಹೇಳಿದ್ದೆರಿ. ಯಾರೂ ನಂಬಲಿಲ್ಲ.”

ನಡಿಗೆ, ನೆನಪು, ತಲೆಯ ಸ್ಕ್ಯಾನ್ ಎಲ್ಲ ನೋಡಿ, ಇದು ಥಿನ್ನರಿನ ವಿಷವೇ ಇರಬೇಕೆಂದರು. ಹೋದದ್ದೆಲ್ಲ ಮರಳದು, ಆ ಹವೆಯಿಂದ ದೂರವಿದ್ದರೆ ಬಹುಶಃ ಇನ್ನೂ ಹೆಚ್ಚಾಗದು. ಅಪ್ಪ ಮರುದಿನವೇ ಕೆಲಸ ಬಿಟ್ಟ. ನಾನು ಹೊರಡುವಾಗ, “ನಿಮ್ಮವ್ವಗ ಹೇಳ್ತೀಯೇನು?” ಎಂದಷ್ಟೇ ಕೇಳಿದ.

ಭಾನುವಾರ ಅವನನ್ನು ವಾಡಿ ಸ್ಟೇಷನ್ನಿಗೆ ಕರೆತರುತ್ತೇನೆ. ನೀನೂ ಬಾ ಅವ್ವಾ. ಅವನ ಜೊತೆ ಇರೆಂದು ಒತ್ತಾಯ ಮಾಡುವುದಿಲ್ಲ. ಒಮ್ಮೆ ಅವನ ಮಾತು ಕೇಳು.

ನಿನ್ನ ಮಗಳು,
ಉಮಾದೇವಿ

ತಾ.ಕ.: ಅಪ್ಪ ಶೆರೆ ಅಂಗಡಿಯಿಂದ ಹೊರಬರುವುದನ್ನು ಕಣ್ಣಾರೆ ಕಂಡೆನೆಂದು ಆಗ ನಿನಗೆ ಹೇಳಿದವಳು ನಾನೇ. ನಾನು ಕಂಡಿರಲಿಲ್ಲ ಅವ್ವಾ. ಅವತ್ತು ಶಾಲೆಯ ಗೇಟಿನಲ್ಲಿ, ಗೆಳತಿಯರ ಎದುರಿಗೆ, ಅವನಿಗೆ ನನ್ನ ಹೆಸರು ನೆನಪಾಗಲಿಲ್ಲ. ನನಗೆ ಭಾಳ ಸಿಟ್ಟು ಬಂದಿತ್ತು. ಇದು ಅವನಿಗಿನ್ನೂ ಗೊತ್ತಿಲ್ಲ. ಭಾನುವಾರ ನಿನ್ನೆದುರೇ ಹೇಳುತ್ತೇನೆ.