ಮನೆಗೆ ಹೋದದ್ದು ಯಾರು

ಜುಲೈ 16, ಭಾನುವಾರ

ಅಸೆಂಬ್ಲಿ, ಕ್ಲಾಸು, ಎಕ್ಸ್‌ಟ್ರಾ ಕ್ಲಾಸು. ಇಲ್ಲಿ ವಾರದ ರಜೆ ಶುಕ್ರ-ಶನಿ. ಹಾಸ್ಟೆಲ್ ಹುಡುಗಿಯರಿಗೆ ಈ ವಾರವೂ ಮನೆಗೆ ಹೋಗಲು ರಜೆ ಇಲ್ಲ. ಹೆಡ್‌ಮಾಸ್ಟರ್ ರುಸ್ದಿ ಮೈಕಿನಲ್ಲಿ: "ಮೊದ್ಲು ರಿಸಲ್ಟ್ ಬರ್ಲಿ, ಆಮೇಲೆ ನಿದ್ದೆ ಬರ್ಲಿ." ಪ್ರಾಸ ಅವರದು. ವಾಕರಿಕೆ ವಾರ್ಡನ್ನಿನದು — ಅಂದರೆ ನನ್ನದು.

ಜುಲೈ 18, ಮಂಗಳವಾರ

ಗಣಿತದ ಪೀರಿಯಡ್ಡಿನಲ್ಲಿ ಸುಹೈಲಾ ಕಿರುಚಿದಳು. ಆಮೇಲೆ ಪಕ್ಕದವಳು. ಆಮೇಲೆ ಇಡೀ ಸಾಲು. ಎಲ್ಲರನ್ನೂ ಸಭಾಂಗಣದಲ್ಲಿ ಚಾಪೆ ಹಾಸಿ ಮಲಗಿಸಿದೆವು. ಸುಹೈಲಾ ನನ್ನ ಕೈ ಬಿಡಲಿಲ್ಲ. ಇಲ್ಲಿ ಟೀಚರ್ ಅಂದರೆ ಚಿಕ್ಗು. "ಎದೆ ಒತ್ತುತ್ತೆ ಚಿಕ್ಗು. ಮನೆಗೆ ಕಳಿಸಿ. ಒಂದೇ ದಿನ..."

ಸ್ಟಾಫ್ ರೂಮಿನಲ್ಲಿ ರೊಸ್ಮಿನಿ ಟೀಚರ್: "ಜೀವ ಗಟ್ಟಿಯಿಲ್ಲ ಕಣೇ ಆ ಹುಡ್ಗಿಗೆ. ಅದಕ್ಕೇ ದೆವ್ವ ಹಿಡ್ಕೊಂಡಿದೆ."

"ಹಾಸ್ಟೆಲ್‌ನೋರನ್ನೇ ಹಿಡಿಯುತ್ತಲ್ಲ? ದಿನಾ ಮನೆಗೆ ಹೋಗೋರ ಕಂಡ್ರೆ ದೆವ್ವಕ್ಕೆ ಭಯವೇನೇ?" ಅಂದೆ.

ರೊಸ್ಮಿನಿ ಕರಿಪಫ್ ತಿನ್ನುತ್ತಿದ್ದಳು. ನಿಲ್ಲಿಸಲಿಲ್ಲ.

ಜುಲೈ 19, ಬುಧವಾರ

ಮಂತ್ರವಾದಿ ಬಂದ. ಅರಳು, ನಿಂಬೆಹಣ್ಣು, ಎಲೆಅಡಿಕೆಯ ವಾಸನೆ. ಸುಹೈಲಾಳ ಕಾಲಿನ ಹೆಬ್ಬೆರಳಿಗೆ ಕಾಳುಮೆಣಸು ಒತ್ತಿ ಹಿಂಡಿದ.

"ಹೋಗ್ತೀಯೋ ಇಲ್ವೋ?"

"ಹೋಗ್ತೀನಿ! ಹೋಗ್ತೀನಿ!"

"ಎಲ್ಲಿಗೆ?"

"ಮನೆಗೆ!"

"ಮತ್ತೆ ಈ ಸ್ಕೂಲ್ ಕಡೆ ಬರ್ತೀಯಾ?"

"ಬರಲ್ಲ... ಅಲ್ಲಾನಾಣೆ, ಬರಲ್ಲ!"

ಎಲ್ಲರೂ ದೇವರಿಗೆ ಕೈಯೆತ್ತಿದರು. ರುಸ್ದಿ ಮುಖ ಅರಳಿತು. "ಕೇಳಿದ್ರಾ ಚಿಕ್ಗು ಮಸ್ನಾ? ಸೈತಾನ ಒಪ್ಕೊಂಡ!"

"ಸಾರ್, ಮಾತಾಡಿದ್ದು ಸುಹೈಲಾ."

"ಛೆ, ಛೆ. ಅವಳು ಹಂಗೆಲ್ಲ ದನಿ ಎತ್ತೋ ಹುಡುಗಿಯಲ್ಲ."

ದೆವ್ವಕ್ಕೆ ಬಿಡುಗಡೆ, ಹುಡುಗಿ ಹಾಸ್ಟೆಲ್ ಕಡೆ. ಥೂ.

ಜುಲೈ 20, ಗುರುವಾರ

ತಮ್ಮ ಊರು ಗುವಾ ಮುಸಾಂಗಿನಿಂದ ಬಸ್ಸು ಹತ್ತಿ ಸುಹೈಲಾಳ ತಾಯಿ ಬಂದರು. ಕರೆದುಕೊಂಡು ಹೋಗಿ ಅಂದೆ. ಆಕೆ ದನಿ ತಗ್ಗಿಸಿ: "ಆ ದೆವ್ವ ಮನೆಗೆ ಹೋಗ್ತೀನಿ ಅಂದಿತಂತೆ. ಯಾರ ಮನೆಗೆ ಚಿಕ್ಗು? ಚಿಕ್ಕ ಮಕ್ಕಳಿದಾವೆ ನಂಗೆ... ಇವಳು ಇಲ್ಲೇ ಇರ್ಲಿ."

ಮಗಳು ಪಕ್ಕದಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು.

ಜುಲೈ 30, ಭಾನುವಾರ

ಯಾರೂ ಕಿರುಚುತ್ತಿಲ್ಲ. ರುಸ್ದಿ ಎಲ್ಲರಿಗೂ ಸಿಹಿ ಹಂಚಿದರು. ನಾನು ತಿನ್ನಲಿಲ್ಲ. ಸುಹೈಲಾ ಊಟ ಬಿಟ್ಟಿದ್ದಾಳೆ, ಮಾತೂ ಬಿಟ್ಟಿದ್ದಾಳೆ. ಸ್ಕೂಲಿನವರ ಬಾಯಲ್ಲಿ ಅದಕ್ಕೆ ಹೆಸರು — ಶಿಸ್ತು.

ಸಾಕು. ಅವಳಿಗೆ ಕಾರಿನ ಬೀಗದಕೈ ತೋರಿಸಿ, "ನಡಿ, ರುಸ್ದಿ ಸಾಹೇಬರನ್ನ ನಾನು ನೋಡ್ಕೋತೀನಿ. ಮನೆಗೆ ಬಿಟ್ಟು ಬರ್ತೀನಿ" ಅಂದೆ.

ಇಷ್ಟು ದಿನಕ್ಕೆ ಬಾಯಿ ಬಿಟ್ಟಳು. "ಮನೆಗೆ ಬಂದಿದ್ದು ದೆವ್ವ ಅಲ್ಲ, ನಾನೇ ಅಂತ ಅಮ್ಮಂಗೆ ಹೇಗೆ ಗೊತ್ತಾಗತ್ತೆ ಚಿಕ್ಗು?"

ನಾನು ಹೇಳಿದೆ — "ಮನೆಗೆ ಹೋಗ್ತೀನಿ ಅಂದದ್ದು ದೆವ್ವ ಅಲ್ಲ, ನೀನೇ ಅಂತ ಅಮ್ಮಂಗೆ ನಾನೇ ಹೇಳ್ತೀನಿ, ಕಾರು ಹತ್ತು."