ಲೋಟದಡಿಯ ಕೆಂಪು ಚುಕ್ಕೆ

ನನ್ನ ಅಕ್ಕನಿಗೆ,

ಒಂದು ಕಣ್ಣಲ್ಲಿ ಓದಲು ತೊಂದರೆಯಾಗಬಾರದೆಂದು ಈ ಕಾಗದವನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಊಟ ಆಯ್ತಾ?" ಎಂದು ಕೇಳುತ್ತೀಯ, ನಾನು "ಆಯ್ತು" ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಎದುರಿಗೆ ಬಂದು ಮುಖ ತೋರಿಸುವ ಧೈರ್ಯವಂತೂ ನನಗಿಲ್ಲ.

ನೀನು ಹೊರಟುಹೋದ ಮೇಲೆ ಆಫೀಸಿನಲ್ಲಿ ಎಂದಿನಂತೆ ಮೂರು ದೇಶದವರ ಸಭೆ ನಡೆಯಿತು. ನೀನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನಗುತ್ತಿದ್ದೆಯಲ್ಲ, ಅದೇ ಸಭೆ. ಪರದೆಯ ಮೇಲೆ ಒಬ್ಬರು ತಿಂಡಿ ತಿನ್ನುತ್ತಿರುತ್ತಾರೆ, ಇನ್ನೊಬ್ಬರು ಆಕಳಿಸುತ್ತಿರುತ್ತಾರೆ, ಮೂರನೆಯವರ ಬಾಯಿ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ಆ ಮಹಾಜ್ವರದಿಂದ ಬದುಕಿ ಉಳಿದ ನಿನ್ನಂಥವರ ಕಣ್ಣಿಗೆ ಪೊರೆ ಬಂದರೆ ಆಪರೇಷನ್ ಮಾಡಬಹುದೇ, ಅದರಿಂದ ಅವರಿಗಾಗಲಿ ಡಾಕ್ಟರಿಗಾಗಲಿ ಅಪಾಯವಿಲ್ಲವೇ ಎಂದು ಈ ಮೂರು ದೇಶಗಳ ಆಸ್ಪತ್ರೆಗಳು ಸೇರಿ ಅಧ್ಯಯನ ಮಾಡುತ್ತಿವೆ. ಇವರನ್ನೆಲ್ಲ ಒಟ್ಟುಗೂಡಿಸಿ ನಡೆಸುವುದು ನನ್ನ ಕೆಲಸ. "ಕುರಿ ಕಾಯೋ ಕೆಲಸ ಅಂತ ನೆಟ್ಟಗೆ ಹೇಳು" ಎಂದು ನೀನು ರೇಗಿಸುತ್ತಿದ್ದೆ. ಅವತ್ತು ದೊಡ್ಡ ಡಾಕ್ಟರು ಕೇಳಿದರು, "ನಿಮ್ಮ ಅಕ್ಕ ಎರಡನೇ ಕಣ್ಣಿನ ಆಪರೇಷನ್ ಯಾಕೆ ಬೇಡ ಅಂದ್ರು?" ನಾನು "ಮನೆ ಕಡೆ ಕಾರಣ" ಎಂದೆ. ಸುಳ್ಳೇನಲ್ಲ. ಮನೆ ನನ್ನದು, ಕಾರಣ ನಾನು.

ಜ್ವರ ಬಿಟ್ಟರೂ ಅದರ ವೈರಸ್ಸು ಕಣ್ಣಿನೊಳಗಿನ ನೀರಿನಲ್ಲಿ ಅವಿತು ಕೂತಿರಬಹುದೆಂಬ ಭಯಕ್ಕೆ ಯಾವ ಡಾಕ್ಟರೂ ನಿಮ್ಮನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ಮೊದಲು ಸಣ್ಣ ಸೂಜಿಯಿಂದ ಆ ನೀರಿನ ಒಂದು ಹನಿ ತೆಗೆದು ಪರೀಕ್ಷೆ. ಏನೂ ಇಲ್ಲವೆಂದಾದ ಮೇಲೆ ಆಪರೇಷನ್. ಗುಣವಾದವರ ಕೈ ಹಿಡಿದರೆ, ಪಕ್ಕ ಕೂತು ಉಂಡರೆ ಏನೂ ಆಗುವುದಿಲ್ಲ ಎಂದು ಊರೂರಿನ ನರ್ಸುಗಳಿಗೆ ಗಂಟಲು ಹರಿಯುವಂತೆ ಹೇಳಿಕೊಟ್ಟವಳು ನಾನು.

ಅಮ್ಮನ ಆರೈಕೆ ಮಾಡಿ ನೀನು ಜ್ವರ ಹಚ್ಚಿಕೊಂಡೆ. ಅಮ್ಮ ಹೋದಳು, ನೀನು ಉಳಿದೆ. ನಾನು ತರಬೇತಿಯೆಂದು ದೂರದಲ್ಲಿ ಸುಖವಾಗಿದ್ದೆ. ನೀನು ಹೊಲಿಗೆ ಅಂಗಡಿ ಮತ್ತೆ ತೆರೆದಾಗ ಮೂಲೆಮನೆಯ ಟೀಚರಮ್ಮ, ನೀನು ಹೊಲಿದ ಬಟ್ಟೆಯನ್ನು ಕೋಲಿನ ತುದಿಯಲ್ಲಿ ತಂದು ಮೆಟ್ಟಿಲ ಮೇಲೆ ಎಸೆದು ಹೋದಳು. ಆಗ ಊರಿಗೆ ಬಂದಿದ್ದ ನಾನು ಅವಳ ಬಾಗಿಲಿಗೇ ಹೋಗಿ, ಬೀದಿಯೆಲ್ಲ ಕೇಳುವಂತೆ, "ಓದಿದೋರು ನೀವು, ನಾಚಿಕೆ ಆಗಲ್ವಾ?" ಎಂದು ಕೂಗಾಡಿದೆ. ನೀನು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. "ಬಿಡೇ ಗಡಿಬಿಡಿ, ಅವಳಿಗೂ ಮಕ್ಕಳಿದಾರೆ" ಎಂದು ನನಗೇ ಬುದ್ಧಿ ಹೇಳಿದೆ.

ಆಮೇಲೆ ನಿನ್ನ ಎರಡೂ ಕಣ್ಣಿಗೆ ಪೊರೆ ಕವಿಯಿತು. ಸೂಜಿಗೆ ದಾರ ಪೋಣಿಸುವುದಿರಲಿ, ಬಾಗಿಲು ಎಲ್ಲಿದೆಯೆಂದು ತಡಕಾಡುವಂತಾದಾಗ ನಿನ್ನನ್ನು ನನ್ನ ಮನೆಗೆ ಕರೆತಂದೆ. ತಂಗಿಯೆಂದರೆ ಹೀಗಿರಬೇಕು ಎಂದು ಎಲ್ಲರೂ ಹೊಗಳಿದರು. ನೀನು ಬಂದ ದಿನವೇ, ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಉಗುರಿನ ಬಣ್ಣದ ಸೀಸೆ ತೆಗೆದು ನಮ್ಮ ನಾಲ್ಕು ಸ್ಟೀಲ್ ಲೋಟಗಳಲ್ಲಿ ಒಂದರ ತಳಕ್ಕೆ ಕೆಂಪು ಚುಕ್ಕೆ ಇಟ್ಟೆ. ಅದು ನಿನ್ನದು. ಅದನ್ನು ಬೇರೆಯಾಗಿ ತೊಳೆದು ಕಡೆಯಲ್ಲಿ ಮಗುಚಿಡುತ್ತಿದ್ದೆ. ಯಾಕೆ ಹೀಗೆ ಮಾಡುತ್ತಿದ್ದೇನೆಂದು ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ. ನಿನಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯವಿತ್ತು.

ಅಧ್ಯಯನಕ್ಕೆ ಸೇರಲು ಒಡಹುಟ್ಟಿದವರ ಒಪ್ಪಿಗೆಯನ್ನು ನಾನೇ ಕೇಳುವಂತಿರಲಿಲ್ಲ. ನರ್ಸಮ್ಮ ನಿನಗೆ ಒಪ್ಪಿಗೆ ಪತ್ರವನ್ನೆಲ್ಲ ಓದಿಹೇಳುವಾಗ ನಾನು ಬಾಗಿಲಾಚೆ ನಿಂತಿದ್ದೆ. "ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ." ಆ ಸಾಲು ನಾನೇ ಬರೆದದ್ದು. ನೀನು ನಕ್ಕು, "ಮದುವೇಲೂ ಹೀಗೇ ಓದಿ ಹೇಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು!" ಎಂದದ್ದಕ್ಕೆ ನರ್ಸಮ್ಮನ ಪೆನ್ನು ಕೆಳಗೆ ಬಿತ್ತು.

ಒಂದು ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಬಿಚ್ಚಿಸಿಕೊಂಡು ಬಂದವಳು ಮಗುವಿನ ಹಾಗೆ ಕೋಣೆ ಕೋಣೆ ಸುತ್ತಿದೆ. ಕಿಟಕಿಯ ಪರದೆ ಹಳದಿ ಬಣ್ಣದ್ದೆಂದು ಖುಷಿಪಟ್ಟೆ. ನನ್ನ ತಲೆ ನೋಡಿ, "ಅಯ್ಯೋ, ನನಗಿಂತ ಮುದುಕಿ ಆಗಿದೀಯಲ್ಲೇ!" ಎಂದೆ. ಹಾಗೇ ಅಡುಗೆಮನೆಗೆ ಬಂದು ಮಗುಚಿಟ್ಟ ಲೋಟಗಳ ಮುಂದೆ ನಿಂತೆ. "ಇದೊಂದಕ್ಕೆ ಮಾತ್ರ ಯಾಕೆ ಕೆಂಪು ಚುಕ್ಕೆ?"

ನಿನಗೆ ಕಣ್ಣು ಬರಲೆಂದು ಮೂರು ದೇಶಗಳ ಬೆನ್ನು ಹತ್ತಿದವಳಿಗೆ, ಕಣ್ಣು ಬಂದರೆ ನಿನಗೆ ಕಾಣುತ್ತದೆ ಎನ್ನುವುದೇ ಹೊಳೆದಿರಲಿಲ್ಲ. "ಅಳತೆಗೆ ಅಂತ ಇಟ್ಕೊಂಡಿದ್ದೆ ಅಕ್ಕಾ" ಎಂದು ಬಾಯಿಗೆ ಬಂದದ್ದು ಹೇಳಿದೆ. ನೀನು "ಹೂಂ" ಎಂದೆ.

ಮರುದಿನ ಬೆಳಗ್ಗೆ ಟೀ ಸೋಸಲು ಹೋದರೆ ಚುಕ್ಕೆ ಇರಲಿಲ್ಲ. ನೀನು ಕೆರೆದು ತೆಗೆದಿದ್ದೆ. ನಾಲ್ಕೂ ಲೋಟ ಒಂದೇ ಥರ ಹೊಳೆಯುತ್ತಿದ್ದವು. ಒಂದಕ್ಕೆ ನಿನ್ನ ಟೀ ಸೋಸಿದೆ. ನನಗೆಂದು ಇನ್ನೊಂದನ್ನು ಮುಟ್ಟಿ ಬಿಟ್ಟೆ. ಮತ್ತೊಂದರ ತಳ ತಿರುಗಿಸಿ ನೋಡಿದೆ. ಕೊನೆಗೆ ನನ್ನ ಟೀಯನ್ನು ಬಟ್ಟಲಿಗೆ ಸುರಿದುಕೊಂಡೆ. ತಿರುಗಿದರೆ ಬಾಗಿಲಲ್ಲಿ ನೀನು ನಿಂತಿದ್ದೆ, ನನ್ನ ಕೈಯನ್ನೇ ನೋಡುತ್ತ. ಟೀ ಪೂರ್ತಿ ಕುಡಿದು, ಲೋಟವನ್ನು ನೀನೇ ತೊಳೆದು, ಬೇರೆಯಾಗಿ, ಕಡೆಯಲ್ಲಿ ಮಗುಚಿಟ್ಟೆ. "ಎರಡನೇ ಕಣ್ಣಿಗೆ ನಾನು ಬರಲ್ಲ. ಕಾರಣ ಹೇಳಬೇಕಾಗಿಲ್ಲ ಅಲ್ವಾ?" ಎಂದು ಚೀಲ ಎತ್ತಿಕೊಂಡೆ.

ಹೆದರಿಕೆ ಯಾರಿಗಿರುವುದಿಲ್ಲ ಎಂದು ಬರೆದು ನುಣುಚಿಕೊಳ್ಳಬಹುದು. ಆದರೆ ಟೀಚರಮ್ಮನಿಗೆ ಗೊತ್ತಿರಲಿಲ್ಲ, ಹೆದರಿದಳು. ನನಗೆ ಎಲ್ಲ ಗೊತ್ತಿತ್ತು. ನಿನ್ನ ಕಣ್ಣಿನ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಾಗ ಆಫೀಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದವಳು ನಾನು. ನಾಚಿಕೆಯಾಗುತ್ತದೆ ಅಕ್ಕ, ನಿಂತಲ್ಲಿ ಕೂತಲ್ಲಿ ನಾಚಿಕೆಯಾಗುತ್ತದೆ. ಈಗ ಭಯವೆಲ್ಲ ಹೋಯಿತು ಎಂದರೆ ಅದೂ ಸುಳ್ಳೇ. ನಾಲ್ಕೂ ಲೋಟ ಬೆರೆಸಿಟ್ಟಿದ್ದೇನೆ, ಕೈಗೆ ಸಿಕ್ಕಿದ್ದರಲ್ಲಿ ಕುಡಿಯುತ್ತೇನೆ. ಟೀ ಸೋಸುವ ಮುಂಚೆ ಈಗಲೂ ಒಮ್ಮೆ ತಳ ತಿರುಗಿಸಿ ನೋಡುತ್ತೇನೆ.

ನಿನ್ನೆಯ ಸಭೆಯಲ್ಲಿ ನಿಜ ಹೇಳಿದೆ. ಯಾರೂ ಆಕಳಿಸಲಿಲ್ಲ. ಇನ್ನು ನಿನ್ನ ವಿಷಯಕ್ಕೆ ನಾನು ಕೈ ಹಾಕುವಂತಿಲ್ಲ, ನರ್ಸಮ್ಮನೇ ನೋಡಿಕೊಳ್ಳುತ್ತಾಳೆ. ಆಸ್ಪತ್ರೆಯ ಹಿಂದೆಯೇ ನಿನಗೊಂದು ಕೋಣೆ ಇದೆ. ನನ್ನ ಮನೆಗೆ ಕಾಲಿಡಬೇಕಾಗಿಲ್ಲ. ತಿಂಗಳ ಕೊನೆಗೆ ಹೊರಗಿನ ಡಾಕ್ಟರುಗಳು ವಾಪಸು ಹೋಗುತ್ತಾರೆ. ಆ ಕಣ್ಣಿನೊಳಗೆ ಊತ ಹೆಚ್ಚುತ್ತಿದೆ, ತಡವಾದರೆ ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿದ್ದಾರೆ. ಬರುವುದು ಬಿಡುವುದು ನಿನ್ನಿಷ್ಟ, ಆ ಸಾಲು ಇನ್ನೂ ಹಾಗೇ ಇದೆ. ಆದರೆ ನನ್ನ ಮೇಲಿನ ಸಿಟ್ಟಿಗೆ ನಿನ್ನ ಕಣ್ಣು ಕಳೆದುಕೊಳ್ಳಬೇಡ.

ಒಂದೇ ಕಣ್ಣಲ್ಲಿ ನೀನು ನನ್ನನ್ನು ಇಷ್ಟು ಕಂಡೆ. ಎರಡೂ ಕಣ್ಣಲ್ಲಿ ಪೂರ್ತಿ ನೋಡು. ಆಮೇಲೆ ನನ್ನ ಬಾಗಿಲಿಗೆ ಬಂದು, ಬೀದಿಯೆಲ್ಲ ಕೇಳುವಂತೆ, ಟೀಚರಮ್ಮನಿಗೆ ನಾನು ಕೇಳಿದ್ದನ್ನೇ ನನಗೆ ಕೇಳು. ರಟ್ಟೆ ಹಿಡಿದು ನಿನ್ನನ್ನು ಎಳೆದುಕೊಂಡು ಹೋಗಲು ಯಾರೂ ಬರುವುದಿಲ್ಲ.

ನಿನ್ನ ಸೂಜಿಗೆ ದಾರ ಒಂದೇ ಸಲಕ್ಕೆ ಸೇರುವ ದಿನ ಬೇಗ ಬರಲಿ.

ತಲೆ ತಗ್ಗಿಸಿಕೊಂಡು,
ನಿನ್ನ ಗಡಿಬಿಡಿ